ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಉಮ್ಮ ಅಳೆದ ದೂರ

2023ರ ಫೆಬ್ರವರಿಯ ಒಂದು ಬುಧವಾರ ರಾತ್ರಿ, ಇಶಾ ನಮಾಝ್ ಮುಗಿದು ಸ್ವಲ್ಪ ಹೊತ್ತಿಗೆ ಬಾಪ ತೀರಿಹೋದರು. ಗಂಟೆ ಒಂಬತ್ತಾಗಿತ್ತು. ಮನೆ ತುಂಬ ಜನ. ಒಳಕೋಣೆಯಲ್ಲಿ ಯಾರೋ ಯಾಸೀನ್ ಓದುತ್ತಿದ್ದರು. ಉಮ್ಮ ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು: "ಅವನಿಗೆ ಬರಲು ಎಷ್ಟು ಹೊತ್ತು ಬೇಕು?"

ಅವನು ಎಂದರೆ ನನ್ನ ತಮ್ಮ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಫ್ರೀಮಾಂಟ್ ಎಂಬ ಊರಲ್ಲಿದ್ದಾನೆ. ಕಂಪ್ಯೂಟರ್ ಕೆಲಸ. ನಮ್ಮ ಕರಾವಳಿಯ ಮನೆಗಳಲ್ಲಿ 'ಫಾರಿನ್' ಎಂದರೆ ಗಲ್ಫ್. ದುಬೈಯಲ್ಲೋ ದಮ್ಮಾಮಿನಲ್ಲೋ ಇರುವ ಮಗನಿಗೆ ಸುದ್ದಿ ಮುಟ್ಟಿಸಿದರೆ, ಟಿಕೆಟ್ ಸಿಕ್ಕಿದರೆ, ಮರುದಿನದ ಹೊತ್ತಿಗೆ ಮನೆಯಂಗಳದಲ್ಲಿರುತ್ತಾನೆ. ಮಂಗಳೂರಿನಿಂದ ದುಬೈಗೆ ಎರಡೂವರೆ ಸಾವಿರ ಕಿಲೋಮೀಟರಿಗಿಂತ ತುಸು ಕಡಿಮೆ; ಮೂರೂವರೆ, ನಾಲ್ಕು ಗಂಟೆಯ ದಾರಿ. ನೆರೆಮನೆಯ ಮಗ ಹಾಗೆಯೇ ಬಂದು ತನ್ನ ತಂದೆಯ ಮಯ್ಯಿತ್ತಿಗೆ ಹೆಗಲು ಕೊಟ್ಟದ್ದನ್ನು ಉಮ್ಮ ನೋಡಿದ್ದರು. ಅವರ ಲೆಕ್ಕದಲ್ಲಿ ವಿಮಾನವೆಂದರೆ ವಿಮಾನ. ಅದು ಎಲ್ಲಿಂದ ಹೊರಟರೂ ಒಂದು ರಾತ್ರಿಯಲ್ಲಿ ಬರಬೇಕು.

ತಮ್ಮ ಫೋನಿನಲ್ಲಿ ಅಳುತ್ತಲೇ ಹೇಳಿದ: "ಅಕ್ಕಾ, ಇಲ್ಲೀಗ ಬೆಳಿಗ್ಗೆ ಏಳೂವರೆ. ಸಂಜೆ ನಾಲ್ಕರ ವಿಮಾನ ಸಿಗುತ್ತದೆ. ಶುಕ್ರವಾರ ಸುಬ್‌ಹಿಗೆ ಮಂಗಳೂರು ಮುಟ್ಟುತ್ತೇನೆ. ಕಾಯುತ್ತೀರಾ?"

ಬುಧವಾರ ರಾತ್ರಿಯಿಂದ ಶುಕ್ರವಾರ ಸುಬ್‌ಹಿಗೆ, ಅಂದರೆ ಮೂವತ್ತೆರಡು ಗಂಟೆಗೂ ಹೆಚ್ಚು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಮಯ್ಯಿತ್ತನ್ನು ಬೇಗ ದಫನ ಮಾಡಬೇಕೆಂಬುದು ಪ್ರವಾದಿವರ್ಯರ(ಸ) ಆದೇಶ. ಕೊನೆಗೆ ಉಮ್ಮನೇ ಹೇಳಿದರು: "ಅವರನ್ನು ಕಾಯಿಸಬೇಡಿ." ಗುರುವಾರ ಝುಹರ್ ನಂತರ ಬಾಪನನ್ನು ಮಣ್ಣು ಮಾಡಿದೆವು. ಶುಕ್ರವಾರ ಬೆಳಗ್ಗೆ ಬಂದ ತಮ್ಮ ನೇರವಾಗಿ ಖಬರ್‌ಸ್ತಾನಕ್ಕೆ ಹೋಗಿ, ಹಸಿ ಮಣ್ಣಿನ ಎದುರು ನಿಂತು ನಮಾಝ್ ಮಾಡಿದ.

ಅಲ್ಲಿಂದ ಮನೆಯಲ್ಲಿ ಒಂದು ಮೌನ ಶುರುವಾಯಿತು. ಒಂದು ದಿನ ಕಾಯಬಹುದಿತ್ತು ಎಂಬ ನೋವು ತಮ್ಮನಿಗೆ. ಕೂಡಲೇ ಹೊರಟಿದ್ದರೆ ತಲುಪುತ್ತಿದ್ದ ಎಂಬ ಕೊರಗು ಉಮ್ಮನಿಗೆ. "ಡಾಲರ್ ಬಿಟ್ಟು ಬರಲು ಮನಸ್ಸಾಗಬೇಕಲ್ಲ" ಎಂದು ಸಂಬಂಧಿಕರೊಬ್ಬರು ಹೇಳಿದ ಮಾತು ಉಮ್ಮನ ಕಿವಿಯಲ್ಲಿ ಉಳಿದುಬಿಟ್ಟಿತು. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ವಾರಕ್ಕೊಮ್ಮೆ ಬರುವ ಫೋನಿನಲ್ಲಿ "ಊಟವಾಯಿತಾ, ಔಷಧಿ ತೆಗೊಂಡ್ರಾ" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು.

ನಾನು ಮದ್ರಸದಲ್ಲಿ ಕಲಿತು, ಬಳಿಕ ಬಿ.ಎ. ಮುಗಿಸಿ, ಈಗ ಮಕ್ಕಳಿಗೆ ಪಾಠ ಹೇಳುವವಳು. ಒಂದು ದಿನ ಸಮಾಜ ವಿಜ್ಞಾನದ ಪಾಠಕ್ಕೆಂದು ಶಾಲೆಯ ಗ್ಲೋಬ್ ತೆಗೆದಾಗ ಉಮ್ಮನ ಪ್ರಶ್ನೆ ನೆನಪಾಯಿತು. ಗೋಡೆಯ ನಕ್ಷೆಯಲ್ಲಿ ದುಬೈ ನಡುವೆ ಇದೆ, ಸ್ಯಾನ್ ಫ್ರಾನ್ಸಿಸ್ಕೋ ಎಡತುದಿಯಲ್ಲಿದೆ. ಅರಬ್ ದೇಶ, ಮೆಡಿಟರೇನಿಯನ್, ಅಟ್ಲಾಂಟಿಕ್ ಸಾಗರ, ಆಮೇಲೆ ಇಡೀ ಅಮೆರಿಕ ದಾಟಿ ಹೋಗಬೇಕು ಎಂದೇ ನಾನೂ ಎಣಿಸಿದ್ದೆ. ಹಾಗೆ ನೇರ ಪಶ್ಚಿಮಕ್ಕೆ ಹೋದರೆ ದಾರಿ ಹದಿನೇಳು ಸಾವಿರ ಕಿಲೋಮೀಟರಿಗೆ ಹತ್ತಿರವಾಗುತ್ತದೆ. ಆದರೆ ಗ್ಲೋಬಿನ ಮೇಲೆ ಒಂದು ನೂಲಿನ ತುದಿಯನ್ನು ದುಬೈಯಲ್ಲಿ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಿಡಿದು ಬಿಗಿಯಾಗಿ ಎಳೆದಾಗ ಅದು ಪಶ್ಚಿಮಕ್ಕೆ ನಿಲ್ಲಲೇ ಇಲ್ಲ. ಜಾರಿ ಮೇಲಕ್ಕೆ ಹೋಗಿ ಉತ್ತರ ಧ್ರುವದ ಪಕ್ಕದಲ್ಲಿ ಕೂತಿತು!

ಕಾರಣ ಸರಳ. ದುಬೈ ಇರುವುದು 55 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ 122 ಡಿಗ್ರಿ ಪಶ್ಚಿಮದಲ್ಲಿ. ಎರಡರ ನಡುವೆ ಹೆಚ್ಚುಕಡಿಮೆ 178 ಡಿಗ್ರಿ. ಪೂರ್ತಿ 180 ಆದರೆ ಅರ್ಧ ಭೂಮಿ. ಅಂದರೆ ಈ ಎರಡು ಊರುಗಳು ಭೂಮಿಯ ಒಂದು ಬೆನ್ನಲ್ಲಿ ಒಂದು, ಇನ್ನೊಂದು ಬೆನ್ನಲ್ಲಿ ಇನ್ನೊಂದು ಇವೆ. ಕಿತ್ತಳೆ ಹಣ್ಣಿನ ಈ ಬದಿಯಿಂದ ಆ ಬದಿಗೆ ಹೋಗುವ ಇರುವೆಗೆ ಸೊಂಟ ಸುತ್ತಿ ಹೋಗುವುದಕ್ಕಿಂತ ನೆತ್ತಿ ಹತ್ತಿ ಇಳಿಯುವುದು ಹತ್ತಿರ. ವಿಮಾನವೂ ಹಾಗೆಯೇ.

ಲೆಕ್ಕವನ್ನು ಏಳನೇ ತರಗತಿಯ ಮಕ್ಕಳೇ ಮಾಡಿದರು. ದುಬೈ ಇರುವುದು 25 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿಂದ ಧ್ರುವದವರೆಗೆ, ಅಂದರೆ 90ರವರೆಗೆ, 65 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೋ 37.5 ಡಿಗ್ರಿಯಲ್ಲಿದೆ. ಧ್ರುವದಿಂದ ಅಲ್ಲಿಗೆ ಇಳಿಯಲು 52.5 ಡಿಗ್ರಿ. ಒಟ್ಟು 117.5. ಒಂದು ಡಿಗ್ರಿ ಅಕ್ಷಾಂಶಕ್ಕೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ಗುಣಿಸಿದರೆ 13,042. ಎರಡು ವಿಮಾನ ನಿಲ್ದಾಣಗಳ ನಡುವಿನ ಅತಿ ಕಡಿಮೆ ದೂರವೂ ಸುಮಾರು 13,040 ಕಿಲೋಮೀಟರ್ ಎಂದೇ ಇದೆ. ಆ ನೇರ ಗೆರೆ ಉತ್ತರ ಧ್ರುವದಿಂದ ಸುಮಾರು ಇನ್ನೂರು ಕಿಲೋಮೀಟರ್ ಪಕ್ಕದಲ್ಲೇ ಹಾದುಹೋಗುತ್ತದೆ.

ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಬೇರೆಯೇ ಒಂದು ವಿಷಯ ಹೊಳೆಯಿತು. ಇದನ್ನು ಉಮ್ಮನಿಗೆ ತೋರಿಸಬೇಕು. ನೂಲಿನಲ್ಲಿ ತೋರಿಸಿದರೆ ಸಾಲದು.

2024ರ ಈದುಲ್ ಫಿತ್ರ್‌ಗೆ ತಮ್ಮ ಊರಿಗೆ ಬಂದ. ಉಮ್ಮನ ವೀಸಾ ಮೊದಲೇ ಆಗಿತ್ತು, ನನ್ನದೂ ಆಯಿತು. ಶಾಲೆಗೆ ಬೇಸಿಗೆ ರಜೆ. ಮೇ ತಿಂಗಳ ಆರಂಭದಲ್ಲಿ ಮೂವರೂ ಹೊರಟೆವು.

ಬಜ್ಪೆಯ ವಿಮಾನ ನಿಲ್ದಾಣ ಗುಡ್ಡದ ತಲೆಯ ಮೇಲಿದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅಲ್ಲಿ ಕಣಿವೆಗೆ ಉರುಳಿ 158 ಮಂದಿ ಪ್ರಾಣ ಕಳೆದುಕೊಂಡದ್ದನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ವಿಮಾನ ಓಡತೊಡಗಿದಾಗ ಉಮ್ಮ ಕಣ್ಣು ಮುಚ್ಚಿ ಪ್ರಯಾಣದ ದುಆ ಹೇಳುತ್ತಿದ್ದರು. ರಾತ್ರಿಯೇ ದುಬೈ ಬಂತು. "ಇಷ್ಟೇನಾ?" ಎಂದರು. ಅವರ ಪ್ರಕಾರ ಪ್ರಯಾಣ ಅರ್ಧ ಮುಗಿದಿತ್ತು. ತಮ್ಮ ನನ್ನನ್ನು ನೋಡಿ ನಕ್ಕ. ದೂರದ ಲೆಕ್ಕದಲ್ಲಿ ನಾವು ಆರರಲ್ಲಿ ಒಂದು ಪಾಲೂ ಬಂದಿರಲಿಲ್ಲ.

ಬೆಳಿಗ್ಗೆ ಸುಮಾರು ಒಂಬತ್ತಕ್ಕೆ ದೊಡ್ಡ ವಿಮಾನ ಹೊರಟಿತು. ಎಮಿರೇಟ್ಸ್ ಸಂಸ್ಥೆ ದುಬೈ-ಸ್ಯಾನ್ ಫ್ರಾನ್ಸಿಸ್ಕೋ ನೇರ ಹಾರಾಟವನ್ನು ಆರಂಭಿಸಿದ್ದು 2008ರ ಡಿಸೆಂಬರ್‌ನಲ್ಲಿ. ಎಲ್ಲೂ ನಿಲ್ಲದೆ ಸುಮಾರು ಹದಿನಾರು ಗಂಟೆ. ಗಂಟೆಗೆ 900 ಕಿಲೋಮೀಟರಿನಂತೆ ಭಾಗಿಸಿದರೆ ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಯಬೇಕು. ಮಿಕ್ಕ ಸಮಯ ಎಲ್ಲಿ ಹೋಗುತ್ತದೆ? ಟಿಕೆಟ್ಟಿನಲ್ಲಿ ಬರೆಯುವ ಸಮಯ ಹಾರಾಟದ್ದಷ್ಟೇ ಅಲ್ಲ. ನಿಂತ ಜಾಗದಿಂದ ಕದಲಿದ ಕ್ಷಣದಿಂದ ಆ ಕಡೆ ನಿಲ್ಲುವವರೆಗೆ ಎಲ್ಲವೂ ಅದರಲ್ಲಿ ಸೇರುತ್ತದೆ. ನೆಲದ ಮೇಲೆ ಸರದಿಗೆ ಕಾಯುವುದು, ಮೇಲೇರುವುದು, ಇಳಿಯುವುದು ನಿಧಾನ. ಮೇಲೆ ಗಾಳಿ ಎದುರಾದರೆ ತಡ, ಬೆನ್ನಿಗೆ ಬಂದರೆ ಬೇಗ. ಕೆಲವು ಕಡೆ ಯುದ್ಧವೋ ಬಿರುಗಾಳಿಯೋ ಇದ್ದರೆ ಸುತ್ತಿ ಹೋಗಬೇಕು. ಆದ್ದರಿಂದ ಇಂದಿನ ದಾರಿ ನಾಳೆ ಹಾಗೆಯೇ ಇರುವುದಿಲ್ಲ.

ಮುಂದಿನ ಪರದೆಯಲ್ಲಿ ನಕ್ಷೆ ಬರುತ್ತಿತ್ತು. ಇರಾನ್ ದಾಟಿತು. ಕ್ಯಾಸ್ಪಿಯನ್ ಸಮುದ್ರ ಬಂತು. ಆಮೇಲೆ ರಷ್ಯಾ. ಗಂಟೆಗಟ್ಟಲೆ ರಷ್ಯಾವೇ. "ಮುಗಿಯಲಿಲ್ಲವಾ?" ಎಂದು ಉಮ್ಮ ಆಗಾಗ ಕೇಳುತ್ತಿದ್ದರು. ಝುಹರ್ ಹೊತ್ತಾದಾಗ ವಿಮಾನದ ಹುಡುಗಿಯ ಅನುಮತಿ ಕೇಳಿ ಹಿಂಬದಿಯ ಸ್ವಲ್ಪ ಜಾಗದಲ್ಲಿ ನಾನು ನಿಂತು, ಮಂಡಿನೋವಿನ ಉಮ್ಮ ಕುಳಿತೇ, ಝುಹರ್ ಮತ್ತು ಅಸರ್ ಸೇರಿಸಿ ಕಸ್ರ್ ಮಾಡಿ ನಮಾಝ್ ಮಾಡಿದೆವು. ವಿಮಾನ ಹೋಗುತ್ತಿದ್ದುದು ಉತ್ತರಕ್ಕೆ. ಕಿಬ್ಲಾ ನಮ್ಮ ಬೆನ್ನ ಹಿಂದೆ ಉಳಿದಿತ್ತು.

ಅದಾದ ಮೇಲೆ ನಡೆದದ್ದು ಉಮ್ಮನಿಗೆ ಬಹಳ ವಿಚಿತ್ರವೆನಿಸಿತು. ಅವರ ಕೈಗಡಿಯಾರದಲ್ಲಿ ಊರಿನ ಸಮಯ ಮಗ್ರಿಬ್ ಆಗಿ ಇಶಾ ಆಯಿತು. ಹೊರಗೆ ಸೂರ್ಯ ಮುಳುಗಲೇ ಇಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಧ್ರುವದ ಆಕಾಶದಲ್ಲಿ ಸೂರ್ಯ ದಿಗಂತದ ಮೇಲೆಯೇ ಸುತ್ತುತ್ತಿರುತ್ತಾನೆ. ಧ್ರುವ ದಾಟಿ ಆ ಕಡೆ ಇಳಿಯುವಾಗ ಕೆನಡಾದಲ್ಲಿ ಅದೇ ದಿನದ ಬೆಳಗು. ಸೂರ್ಯ ಮತ್ತೆ ಏರತೊಡಗಿದ. "ಮಗ್ರಿಬ್ ಎಲ್ಲಿ ಹೋಯಿತು?" ಎಂದು ಉಮ್ಮ ಗಾಬರಿಯಾದರು. ನಮಾಝಿನ ಹೊತ್ತು ಸೂರ್ಯನ ಜೊತೆಗಿದೆ, ಗಡಿಯಾರದ ಜೊತೆ ಅಲ್ಲ, ಮುಳುಗದ ಸೂರ್ಯನಿಗೆ ಮಗ್ರಿಬ್ ಇಲ್ಲ ಎಂದು ವಿವರಿಸಿದೆ. ಹೊರಡುವ ಮುನ್ನ ನಮ್ಮ ಉಸ್ತಾದರಲ್ಲಿ ಕೇಳಿಕೊಂಡಿದ್ದೆ. ಇಂಥ ಪ್ರಯಾಣಕ್ಕೆ ಹೋಗುವವರು ತಂತಮ್ಮ ಉಸ್ತಾದರಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು, ವಿಶೇಷವಾಗಿ ರಂಝಾನಿನಲ್ಲಿ.

ಧ್ರುವದ ಮೇಲಿನ ಹಾರಾಟ ಹಗುರದ ಕೆಲಸವಲ್ಲ. 1954ರಲ್ಲಿ ಸ್ಕ್ಯಾಂಡಿನೇವಿಯದ ಒಂದು ವಿಮಾನ ಸಂಸ್ಥೆ ಕೋಪನ್‌ಹೇಗನ್‌ನಿಂದ ಲಾಸ್ ಏಂಜಲಿಸ್‌ಗೆ ಉತ್ತರದ ಹಿಮಪ್ರದೇಶದ ಮೇಲಿನಿಂದ ಸಂಚಾರ ಶುರು ಮಾಡಿದಾಗ ಅದು ಜಗತ್ತಿಗೇ ಸುದ್ದಿ. ಅಲ್ಲಿ ಸಾಮಾನ್ಯ ದಿಕ್ಸೂಚಿಯ ಮುಳ್ಳು ನಂಬಿಕೆಗೆ ಅರ್ಹವಲ್ಲ. ಹೊರಗಿನ ಚಳಿ ಸೊನ್ನೆಗಿಂತ ಐವತ್ತು, ಅರವತ್ತು ಡಿಗ್ರಿ ಕೆಳಗೆ. ವಿಮಾನದ ಇಂಧನದಲ್ಲಿ ಒಂದು ಬಗೆ ಸೊನ್ನೆಗಿಂತ 40 ಡಿಗ್ರಿ ಕೆಳಗೆ, ಇನ್ನೊಂದು ಬಗೆ 47 ಡಿಗ್ರಿ ಕೆಳಗೆ ಗಟ್ಟಿಯಾಗತೊಡಗುತ್ತದೆ. ಆದ್ದರಿಂದ ಟ್ಯಾಂಕಿಯೊಳಗಿನ ಇಂಧನ ಎಷ್ಟು ತಣ್ಣಗಾಗಿದೆ ಎಂದು ಪೈಲಟ್ ನೋಡುತ್ತಲೇ ಇರಬೇಕು. ತೀರಾ ತಣ್ಣಗಾದರೆ ಎತ್ತರ ತಗ್ಗಿಸಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ಎಲ್ಲಿಯಾದರೂ ಇಳಿಯಬೇಕಾಗಿ ಬಂದರೆ ಯಾವ ನಿಲ್ದಾಣ ಎಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಸಹೋದರಿಯರಿಗೆ ಇಲ್ಲಿ ಒಂದು ವಿಷಯ ಹೇಳಲೇಬೇಕು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ನಮ್ಮ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂತು. ಸುಮಾರು 14 ಸಾವಿರ ಕಿಲೋಮೀಟರ್ ಅಂತರ, ಸುಮಾರು ಹದಿನೇಳು ಗಂಟೆ, ಅದೂ ಧ್ರುವದ ಮೇಲಿನಿಂದ. ಆ ವಿಮಾನವನ್ನು ನಡೆಸಿದವರೆಲ್ಲ ಮಹಿಳೆಯರೇ. ಮುಂದಾಳು ಕ್ಯಾಪ್ಟನ್ ಝೋಯಾ ಅಗರ್‌ವಾಲ್. ಉಮ್ಮನಿಗೆ ಇದನ್ನು ಹೇಳಿದಾಗ ಅವರು ಮುಂದಿನ ಬಾಗಿಲ ಕಡೆ ಒಮ್ಮೆ ನೋಡಿ, "ಇಷ್ಟು ದೂರ ಮಕ್ಕಳನ್ನು ಬಿಟ್ಟು ಬರುವ ತಾಯಂದಿರೂ ಇದ್ದಾರಲ್ಲ" ಎಂದರು.

ಹೊರಟು ಎಂಟು ಗಂಟೆಯ ಮೇಲಾಗಿತ್ತು. ತಮ್ಮ ಕಿಟಕಿಯ ಮುಚ್ಚಳ ಸ್ವಲ್ಪ ಎತ್ತಿದ. ಕೆಳಗೆ ಕಣ್ಣು ಮುಟ್ಟುವಷ್ಟೂ ಬಿಳಿ. ಸಮುದ್ರ ಹೆಪ್ಪುಗಟ್ಟಿ ಅಲ್ಲಲ್ಲಿ ಸೀಳಿಕೊಂಡು, ಸೀಳಿನಲ್ಲಿ ಕಪ್ಪು ನೀರು ಕಾಣುತ್ತಿತ್ತು. ಮರವಿಲ್ಲ, ಮನೆಯಿಲ್ಲ, ದೀಪವಿಲ್ಲ. ಪರದೆಯಲ್ಲಿ ಪುಟ್ಟ ವಿಮಾನ ಭೂಮಿಯ ನೆತ್ತಿಯ ಮೇಲಿತ್ತು. ಅವನು ಪರದೆ ನೋಡುತ್ತಲೇ ಮೆಲ್ಲಗೆ ಹೇಳಿದ:

"ಉಮ್ಮಾ, ಬಾಪನನ್ನು ಮಣ್ಣು ಮಾಡುವಾಗ ನಾನು ಇಲ್ಲಿದ್ದೆ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅವನ ವಿಮಾನ ಅಲ್ಲಿ ಸಂಜೆ ನಾಲ್ಕಕ್ಕೆ ಹೊರಟದ್ದು ಎಂದರೆ ನಮ್ಮಲ್ಲಿ ಗುರುವಾರ ಬೆಳಗಿನ ಐದೂವರೆ. ನಾವು ಮಯ್ಯಿತ್ ನಮಾಝ್ ಮುಗಿಸಿ ಖಬರಿನ ಕಡೆ ನಡೆದದ್ದು ಮಧ್ಯಾಹ್ನ ಒಂದೂವರೆಗೆ. ಎಂಟು ಗಂಟೆ. ಸರಿಯಾಗಿ ಅರ್ಧ ದಾರಿ. ಫೆಬ್ರವರಿಯಲ್ಲಿ ಅಲ್ಲಿ ಸೂರ್ಯನೂ ಇರುವುದಿಲ್ಲ. ಆ ಕತ್ತಲಲ್ಲಿ, ಈ ಹಿಮದ ಮೇಲೆ, ಫೋನೂ ಇಲ್ಲದೆ ಅವನು ಒಬ್ಬನೇ ಕುಳಿತಿದ್ದ. ಗಡಿಯಾರ ನೋಡಿ ಈಗ ಎತ್ತಿರಬಹುದು, ಈಗ ಇಳಿಸಿರಬಹುದು ಎಂದು ಎಣಿಸುತ್ತಿದ್ದನಂತೆ.

ಉಮ್ಮ ಬಹಳ ಹೊತ್ತು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಅವನ ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡರು. "ನೀನು ಹೊರಟಿರಲಿಲ್ಲ ಎಂದೇ ನಾನು ಎಣಿಸಿದ್ದೆ ಮೋನೇ" ಎಂದರು. "ನಿನಗಾಗಿ ಕಾಯುವ ಮನಸ್ಸು ನನಗೂ ಇತ್ತು. ಅವರನ್ನು ಕಾಯಿಸಲು ಧೈರ್ಯ ಬರಲಿಲ್ಲ." ಒಂದು ವರ್ಷಕ್ಕೂ ಹೆಚ್ಚು ಕಾಲ ಯಾರೂ ಆಡದಿದ್ದ ಮಾತು ಇದು.

ಮಿಕ್ಕ ದಾರಿಯಲ್ಲಿ ಉಮ್ಮ "ಮುಗಿಯಲಿಲ್ಲವಾ" ಎಂದು ಕೇಳಲಿಲ್ಲ. ಮಂಡಿ ಊದಿಕೊಂಡಿತ್ತು, ಬಾಯಿ ಒಣಗಿತ್ತು. ಪ್ರತಿ ಗಂಟೆಯೂ ಅವರ ಮೈಯಲ್ಲೇ ಗುರುತಾಗುತ್ತಿತ್ತು. ಕೆನಡಾ ಇಡೀ ದಾಟಿ, ಹಿಮಬೆಟ್ಟಗಳನ್ನು ದಾಟಿ, ಮಧ್ಯಾಹ್ನ ಸುಮಾರು ಎರಡು ಗಂಟೆಗೆ ಇಳಿದೆವು. ಬೆಳಿಗ್ಗೆ ಒಂಬತ್ತಕ್ಕೆ ಹೊರಟವರು ಹದಿನಾರು ಗಂಟೆ ಹಾರಿ ಅದೇ ದಿನ ಎರಡು ಗಂಟೆಗೆ ತಲುಪಿದ್ದು! ಆಗ ಅಲ್ಲಿನ ಗಡಿಯಾರ ದುಬೈಗಿಂತ ಹನ್ನೊಂದು ಗಂಟೆ ಹಿಂದೆ ಇತ್ತು. ಹೋಗುವಾಗ ಹೀಗೆ ಸಿಕ್ಕಿದ ಗಂಟೆಗಳನ್ನು ಬರುವಾಗ ಕಳೆದುಕೊಳ್ಳುತ್ತೇವೆ. ಮಧ್ಯಾಹ್ನ ಹೊರಟ ವಿಮಾನ ದುಬೈ ಮುಟ್ಟುವಾಗ ಮರುದಿನದ ಸಂಜೆಯಾಗಿರುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ ಕೊಲ್ಲಿಯ ನೀರಿನ ಅಂಚಿನಲ್ಲೇ ಇದೆ. ಇಳಿಯುವಾಗ ನೀರಿಗೇ ಇಳಿದಂತೆ ಕಾಣುತ್ತದೆ. ಅಲ್ಲಿಂದ ಕೊಲ್ಲಿಯ ಮೇಲಿನ ಉದ್ದದ ಸೇತುವೆ ದಾಟಿ ಫ್ರೀಮಾಂಟ್‌ಗೆ ಹೋದೆವು. ಮೇ ತಿಂಗಳಲ್ಲೂ ಸಂಜೆಗೆ ಶಾಲು ಬೇಕು. ಆ ಊರಿನಲ್ಲಿ ಯುದ್ಧದಿಂದ ಊರು ಬಿಟ್ಟು ಬಂದ ಅಫ್ಘಾನಿಸ್ತಾನದವರು ಬಹಳ. ಒಂದು ಬೀದಿಯ ಕಡೆಗೆ 'ಪುಟ್ಟ ಕಾಬೂಲ್' ಎಂದೇ ಹೆಸರು. ಉದ್ದನೆಯ ನಾನ್ ರೊಟ್ಟಿ ಸುಡುವ ವಾಸನೆ, ಹಲಾಲ್ ಮಾಂಸದಂಗಡಿ, ತಲೆಗೆ ಶಾಲು ಹೊದ್ದ ಅಜ್ಜಿಯರು. ಉಮ್ಮನಿಗೂ ಅವರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಸಲಾಂ ಹೇಳಿ ಕೈ ಹಿಡಿದು ನಗುತ್ತಿದ್ದರು.

ಮನೆಗೆ ಬಂದು ನಮಾಝಿಗೆ ನಿಲ್ಲುವಾಗ ಉಮ್ಮನಿಗೆ ಇನ್ನೊಂದು ಅಚ್ಚರಿ ಕಾದಿತ್ತು. ಊರಲ್ಲಿ ನಾವು ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ ನಿಲ್ಲುತ್ತೇವೆ. ತಮ್ಮ ಮುಸಲ್ಲಾ ಹಾಸಿದ್ದು ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿಸಿ. "ಮಕ್ಕ ಇಲ್ಲಿಂದ ಪೂರ್ವಕ್ಕಲ್ಲವಾ?" ಎಂದರು. ಅದೇ ನೂಲಿನ ಲೆಕ್ಕ! ಸ್ಯಾನ್ ಫ್ರಾನ್ಸಿಸ್ಕೋದಿಂದ ಮಕ್ಕಕ್ಕೆ ನೂಲು ಎಳೆದರೆ ಅದು ಉತ್ತರದಿಂದ ಸುಮಾರು 19 ಡಿಗ್ರಿ ಪೂರ್ವಕ್ಕೆ ಹೊರಡುತ್ತದೆ. ವಿಮಾನಗಳ ದಾರಿಯನ್ನು ಹುಡುಕುವ ಗಣಿತವನ್ನು ಮುಸ್ಲಿಮ್ ವಿದ್ವಾಂಸರು ಕಿಬ್ಲಾ ಹುಡುಕಲು ಸಾವಿರ ವರ್ಷದ ಹಿಂದೆಯೇ ಬಳಸಿದ್ದರು. ಅಲ್ ಬೀರೂನಿಯವರು ಹನ್ನೊಂದನೇ ಶತಮಾನದಲ್ಲಿ ಊರುಗಳ ಅಕ್ಷಾಂಶ, ರೇಖಾಂಶ ಅಳೆದು ಘಝ್ನಿಯಿಂದ ಕಿಬ್ಲಾದ ದಿಕ್ಕು ಕಂಡುಹಿಡಿಯಲು ಒಂದು ಗ್ರಂಥವನ್ನೇ ಬರೆದರು. ಇಂದಿನ ಪಾಕಿಸ್ತಾನದ ನಂದನಾ ಕೋಟೆಯ ಬಳಿ ಒಂದು ಬೆಟ್ಟದ ಎತ್ತರವನ್ನೂ ಅದರ ತುದಿಯಿಂದ ಕಾಣುವ ದಿಗಂತದ ಇಳಿಕೆಯನ್ನೂ ಅಳೆದು ಭೂಮಿಯ ಗಾತ್ರವನ್ನು ಲೆಕ್ಕ ಹಾಕಿದರು. ವಿಮಾನವಿಲ್ಲದ ಕಾಲದಲ್ಲಿ!

ವಯಸ್ಸಾದ ತಾಯಂದಿರನ್ನು ಇಂಥ ದೂರಕ್ಕೆ ಕರೆದೊಯ್ಯುವವರಿಗೆ ನನ್ನ ಅನುಭವದ ನಾಲ್ಕು ಮಾತು. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿಗೂ ಹಲಾಲ್ ಊಟಕ್ಕೂ ಹೇಳಿಡಿ. ಔಷಧಿ, ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ಬಹಳ ಹೊತ್ತು ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆಗಾಗ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ, ಕೂತಲ್ಲೇ ಪಾದ ಆಡಿಸಲು ಹೇಳಿ. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಇದ್ದರೆ ಹೊರಡುವ ಮುನ್ನ ವೈದ್ಯರನ್ನು ಕಾಣಿ. ವಿಮಾನದೊಳಗಿನ ಗಾಳಿ ಬಹಳ ಒಣ. ಶೌಚಕ್ಕೆ ಏಳಬೇಕಾಗುತ್ತದೆಂದು ಅಮ್ಮಂದಿರು ನೀರು ಕುಡಿಯುವುದೇ ಇಲ್ಲ. ಕುಡಿಸಬೇಕು.

ನಾವು ಮೂರು ವಾರ ಇದ್ದು ರಜೆ ಮುಗಿಯುವ ಮುನ್ನ ಮರಳಿದೆವು. ಊರಿಗೆ ಬಂದ ಮೊದಲ ವಾರ ಅದೇ ಸಂಬಂಧಿಕರು ಮನೆಗೆ ಬಂದಿದ್ದರು. ಮಾತಿನ ನಡುವೆ ಬಾಪನ ವಿಷಯ ಬಂತು. ಮಗ ಮಯ್ಯಿತ್ತಿಗೆ ತಲುಪದ ಮಾತೂ ಬಂತು. ಉಮ್ಮ ಚಹಾದ ಲೋಟ ಕೆಳಗಿಟ್ಟು ಹೇಳಿದರು: "ನನ್ನ ಮಗ ಎಲ್ಲೂ ತಡ ಮಾಡಿಲ್ಲ. ದಾರಿಯೇ ಅಷ್ಟು ಉದ್ದ. ನಾನು ಹೋಗಿ ನೋಡಿ ಬಂದಿದ್ದೇನೆ."

ಈಗ ನಮ್ಮ ಎಷ್ಟೋ ಮನೆಗಳ ಮಕ್ಕಳು ಗಲ್ಫ್ ದಾಟಿ ದೂರ ದೂರ ಹೋಗಿದ್ದಾರೆ. ಅವರು ಎಷ್ಟು ದೂರದಲ್ಲಿದ್ದಾರೆ, ಬರಲು ಎಷ್ಟು ಹೊತ್ತು ಬೇಕು ಎಂಬುದನ್ನು ಒಂದು ಸಂಜೆ ಮನೆಮಂದಿಯೆಲ್ಲ ಕೂತು ಲೆಕ್ಕ ಹಾಕಿ. ಕಷ್ಟದ ದಿನ ಬಂದರೆ ಕಾಯಬೇಕೇ ಬೇಡವೇ ಎಂಬುದನ್ನೂ ತಂದೆ-ತಾಯಿ, ಮಕ್ಕಳು ಮೊದಲೇ ಮನಸ್ಸು ಬಿಚ್ಚಿ ಮಾತಾಡಿಕೊಳ್ಳಿ. ಆ ರಾತ್ರಿ ಯಾರಿಗೂ ಲೆಕ್ಕ ಮಾಡಲು ಆಗುವುದಿಲ್ಲ. ನಮಗೂ ಆಗಲಿಲ್ಲ. ಅಲ್ಲಾಹನು ದೂರದಲ್ಲಿರುವ ಎಲ್ಲ ಮಕ್ಕಳನ್ನೂ ಅವರ ದಾರಿ ನೋಡುವ ತಾಯಂದಿರನ್ನೂ ಕಾಪಾಡಲಿ. ಆಮೀನ್.